ಲಿಂಕ್ ಸ್ಪೀಡ್ ಒಂದೇ ಸಮಸ್ಯೆ ಅಲ್ಲ

ಲೇಖನ ಚೆನ್ನಾಗಿದೆ ಸರ್, ಆದ್ರೆ ವಿದ್ಯುತ್ ಗ್ರಿಡ್‌ನ ಸ್ಥಿತಿ (ಎಲ್ಲೆಲ್ಲಿ ಎಷ್ಟು ವೋಲ್ಟೇಜ್ ಇದೆ ಅನ್ನೋದು) ಅಂದಾಜು ಮಾಡೋ ಕೆಲಸಾನ ಸಬ್‌ಸ್ಟೇಷನ್‌ಗಳಿಗೆ ಹಂಚಿ ಲಿಂಕ್ ಸ್ಪೀಡ್ ಜಾಸ್ತಿ ಮಾಡಿದ್ರೆ ಮುಗೀತು ಅಂತ ಬರ್ದಿದ್ದೀರಲ್ಲ, ಅದೊಂದು ಒಪ್ಪೋಕಾಗ್ತಿಲ್ಲ. ದೊಡ್ಡ ತಲೆನೋವು ಒಂದೇ ಮಾಹಿತಿ ಎರಡು ಸಲ ಲೆಕ್ಕಕ್ಕೆ ಬರೋದು. ಎ ಸ್ಟೇಷನ್ ತನ್ನ ಅಂದಾಜನ್ನ ಬಿ, ಸಿ ಎರಡಕ್ಕೂ ಕಳಿಸತ್ತೆ, ಅವೆರಡೂ ಅದನ್ನೇ ಬೆರೆಸ್ಕೊಂಡು ಡಿಗೆ ಕಳಿಸ್ತವೆ, ಡಿ ಪಾಪ ಎರಡು ಬೇರೆ ಬೇರೆ ಸಾಕ್ಷಿ ಸಿಕ್ತು ಅಂದ್ಕೊಂಡು ಇಲ್ಲದ ಧೈರ್ಯ ತಗೊಳತ್ತೆ, ಒಂದೇ ಗಾಳಿಸುದ್ದೀನ ಇಬ್ಬರ ಬಾಯಲ್ಲಿ ಕೇಳಿ ನಿಜ ಅಂತ ನಂಬಿದ ಹಾಗೆ. 1997ರಲ್ಲಿ ಜೂಲಿಯರ್, ಉಲ್ಮನ್ ಅನ್ನೋ ಸಂಶೋಧಕರು ಕೊಟ್ಟ ಕೋವೇರಿಯನ್ಸ್ ಇಂಟರ್‌ಸೆಕ್ಷನ್ ಅನ್ನೋ ವಿಧಾನ, ಅಂದ್ರೆ ಎರಡು ಅಂದಾಜಲ್ಲಿ ಎಷ್ಟು ಮಾಹಿತಿ ಒಂದೇ ಅಂತ ಗೊತ್ತಿಲ್ದಿದ್ರೂ ಸುರಕ್ಷಿತವಾಗಿ ಬೆರೆಸೋದು, ಇಂಥದ್ದಕ್ಕೇ ಇರೋದು. ಸ್ವಲ್ಪ ಅತಿ ಹುಷಾರು ಅದು, ಇರೋದಕ್ಕಿಂತ ಕಮ್ಮಿ ಭರವಸೆ ತೋರ್ಸತ್ತೆ, ಇರ್ಲಿ ಬಿಡಿ.

ಅಳತೆ ಹೊತ್ತ ಪ್ಯಾಕೆಟ್ ದಾರೀಲಿ ಕಳೆದುಹೋಗೋದ್ರ ಬಗ್ಗೆ 2004ರ ಸಿನೋಪೋಲಿ ಮತ್ತಿತರರ ಪೇಪರ್ ನೋಡಿ. ಒಂದೇ ವೇರಿಯಬಲ್‌ನ ಸಿಸ್ಟಂ, ಅಳತೆ ಬರದಿದ್ರೆ ತಪ್ಪು ಪ್ರತಿ ಹೆಜ್ಜೆಗೂ 2 ಪಟ್ಟು ಬೆಳೆಯತ್ತೆ ಅಂದ್ರೆ 100ಕ್ಕೆ 75ಕ್ಕಿಂತ ಜಾಸ್ತಿ ಪ್ಯಾಕೆಟ್ ತಲುಪಲೇಬೇಕು, ಇಲ್ದಿದ್ರೆ ಊಹೇನ ಹೊಸ ಅಳತೆ ಜೊತೆ ಬೆರೆಸಿ ಅಂದಾಜು ತಿದ್ದೋ ಕಾಲ್ಮನ್ ಫಿಲ್ಟರ್‌ನ ಸರಾಸರಿ ತಪ್ಪು ಮಿತಿ ಇಲ್ದೆ ಏರತ್ತೆ, ಅದೇ 1.2 ಪಟ್ಟು ಆದ್ರೆ 31 ತಲುಪಿದ್ರೂ ನಡಿಯತ್ತೆ. ಅಂದ್ರೆ ನೆಟ್‌ವರ್ಕ್ ಸಾಕಾ ಅನ್ನೋದನ್ನ ನೆಟ್‌ವರ್ಕ್ ಮಾತ್ರ ನೋಡಿ ಹೇಳೋಕಾಗಲ್ಲ.

ಇನ್ನು ಪಿಎಂಯು, ಅಂದ್ರೆ ಗ್ರಿಡ್ಡಿನ ವೋಲ್ಟೇಜ್, ಕರೆಂಟನ್ನ ಎಲ್ಲಾ ಕಡೆ ಒಂದೇ ಗಡಿಯಾರಕ್ಕೆ ಹೊಂದಿಸಿ ಅಳೆಯೋ ಯಂತ್ರ, ಸೆಕೆಂಡಿಗೆ 25, 50 ರೀಡಿಂಗ್ ಕೊಡತ್ತೆ, ಎಲ್ಲಾನೂ ಎಲ್ಲರಿಗೂ ಯಾಕೆ ಕಳಿಸ್ಬೇಕು? ಮುಂದಿನ ರೀಡಿಂಗ್ ಇಷ್ಟಿರಬಹುದು ಅನ್ನೋ ಊಹೆಗೂ ನಿಜವಾದ ಅಳತೆಗೂ ವ್ಯತ್ಯಾಸ ಮಿತಿ ದಾಟಿದಾಗ ಕಳಿಸಿದ್ರೆ ಸಾಕು, ಏನೂ ಬರ್ಲಿಲ್ಲ ಅಂದ್ರೆ ಊಹೆ ಸರಿ ಇದೆ ಅಂತಾನೇ ಅರ್ಥ. ಆದ್ರೆ ಲಿಂಕ್ ಸತ್ತಿದ್ರೂ ಏನೂ ಬರಲ್ಲ ನೋಡಿ, ಅದಕ್ಕೆ ಆಗಾಗ ಬದುಕಿದೀನಿ ಅನ್ನೋ ಚಿಕ್ಕ ಮೆಸೇಜ್ ಇಡ್ಲೇಬೇಕು.