ವೈಡ್ ಅಂದರೆ ಅಗಲ, ಬ್ರಾಡ್ ಅಂದರೆ ಹರವು

ವೈಡ್ ಅಂದರೂ ಅಗಲ, ಬ್ರಾಡ್ ಅಂದರೂ ಅಗಲ ಎಂದು ಮಕ್ಕಳಿಗೆ ಬರೆಸಿ ಮುಂದಿನ ಪದಕ್ಕೆ ಹೋಗುವುದು ರೂಢಿ. ಅನುವಾದ ಮಾಡುವವರಿಗೆ ಇನ್ನೂ ಅವಸರ, ಎರಡಕ್ಕೂ ‘ವಿಶಾಲ’ ಎಂದು ಹಾಕಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಯಾಕೆಂದರೆ ಈ ಎರಡನ್ನೂ ಬಿಡಿಸಿ ಹೇಳುವ ಪದಗಳು ನಮ್ಮ ಮಲೆನಾಡಿನ ಅಂಗಳದಲ್ಲೇ ಇವೆ.

‘ಅಗಲು’ ಎಂಬ ಕ್ರಿಯಾಪದ ನೋಡಿ. ‘ನಮ್ಮನ್ನು ಅಗಲಿದರು’ ಎಂದರೆ ದೂರವಾದರು. ‘ಕಾಲು ಅಗಲಿಸಿ ನಿಲ್ಲು’ ಎಂದರೆ ಎರಡು ಕಾಲುಗಳ ನಡುವೆ ಜಾಗ ಬಿಡು. ಅಗಲ ಅನ್ನುವುದು ಒಂದು ಅಂಚು ಇನ್ನೊಂದರಿಂದ ಎಷ್ಟು ದೂರ ಸರಿದಿದೆ ಎಂಬ ಲೆಕ್ಕ. ವೈಡ್ ಪದದ ಜೀವವೂ ಅಲ್ಲೇ ಇದೆ. ಬಾಯಿ, ಕಣ್ಣು, ಬಾಗಿಲು, ಕಣಿವೆ, ಹೀಗೆ ತೆರೆದುಕೊಳ್ಳುವುದಕ್ಕೆಲ್ಲ ವೈಡ್. ದಂತವೈದ್ಯರು ‘ಓಪನ್ ವೈಡ್’ ಅನ್ನುತ್ತಾರೆ, ಆ ಜಾಗದಲ್ಲಿ ಬ್ರಾಡ್ ಕೂರುವುದೇ ಇಲ್ಲ.

ಹರವು ಬೇರೆ. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವುತ್ತೇವೆ. ಅಲ್ಲಿ ಕಣ್ಣಿಗೆ ಬೀಳುವುದು ಅಂಚಲ್ಲ, ಅಂಚಿನಿಂದ ಅಂಚಿಗೆ ತುಂಬಿಕೊಂಡ ಮೈ. ಬ್ರಾಡ್ ಅಂದರೆ ಇದು. ಹರವಾದ ಎದೆ, ಹರವಾದ ಬೆನ್ನು. ಬ್ರಾಡ್ ಚೆಸ್ಟ್, ಬ್ರಾಡ್ ಬ್ಯಾಕ್. ಬಾಯಿ ತೆರೆದರೆ ವೈಡ್, ನಗು ಮಾತ್ರ ಬ್ರಾಡ್ ಸ್ಮೈಲ್, ಏಕೆಂದರೆ ನಗು ಮುಖದ ತುಂಬ ಹರಡುತ್ತದೆ. ನಾವು ‘ಮುಖ ಮೊರದಗಲವಾಯಿತು’ ಅನ್ನುವುದೂ ಅದನ್ನೇ.

ಬ್ರಾಡ್‌ಕಾಸ್ಟ್ ಪದವನ್ನು ಮಕ್ಕಳಿಗೆ ಗದ್ದೆಯಲ್ಲಿ ನಿಲ್ಲಿಸಿ ಕಲಿಸಬೇಕು. ರೇಡಿಯೊ ಹುಟ್ಟುವುದಕ್ಕೆ ಬಹಳ ಮೊದಲೇ ಅದು ಕೃಷಿಯ ಪದ. ಸಾಲು ಹಿಡಿಯದೆ, ಮುಷ್ಟಿಯಲ್ಲಿ ಬೀಜ ತೆಗೆದು ಸುತ್ತ ಎರಚುವುದಕ್ಕೆ ಆ ಹೆಸರು. ಸಸಿಮಡಿಗೆ ಮೊಳಕೆ ಬಂದ ಭತ್ತ ಚೆಲ್ಲುವಾಗ ಕೈ ಬೀಸುವ ರೀತಿಯೇ ಬ್ರಾಡ್‌ಕಾಸ್ಟ್. ಆಮೇಲೆ ದನಿಯನ್ನು ಹಾಗೆ ಎರಚುವುದಕ್ಕೂ ಅದೇ ಹೆಸರು ಬಂತು. ನಮ್ಮವರು ಅದನ್ನು ಪದಕ್ಕೆ ಪದ ಇಟ್ಟು ತರ್ಜುಮೆ ಮಾಡಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಆರಂಭಿಸಿದ ಕೇಂದ್ರಕ್ಕೆ ಒದಗಿದ ‘ಆಕಾಶವಾಣಿ’ ಎಂಬ ಹೆಸರೇ ಇವತ್ತು ಭದ್ರಾವತಿ ಕೇಂದ್ರಕ್ಕೂ ಇದೆ.

ಅಗಲ ಯಾವುದು, ಉದ್ದ ಯಾವುದು ಎಂಬ ಗೊಂದಲಕ್ಕೆ ಶರಾವತಿ ಹಿನ್ನೀರಿಗಿಂತ ಒಳ್ಳೆಯ ಪಾಠವಿಲ್ಲ. 2025ರ ಜುಲೈನಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸುಮಾರು 2.4 ಕಿ.ಮೀ. ಉದ್ದ, 16 ಮೀಟರ್ ಅಗಲ. ಆ ಉದ್ದ ಬಂದದ್ದು ನೀರಿನ ಅಗಲದಿಂದ. ನೀರಿಗೆ ಅಗಲವಾದದ್ದು ಸೇತುವೆಗೆ ಉದ್ದ. ವಸ್ತು ಸಾಗುವ ದಿಕ್ಕು ಉದ್ದ, ಅದಕ್ಕೆ ಅಡ್ಡ ಹಿಡಿದ ಅಳತೆ ಅಗಲ ಎಂದು ಒಮ್ಮೆ ತಿಳಿದರೆ ವಿಡ್ತ್ ಎಲ್ಲಿ, ಲೆಂಗ್ತ್ ಎಲ್ಲಿ ಎಂದು ತಡಕಾಡಬೇಕಿಲ್ಲ.

ಈ ಹಂಚಿಕೆಗೆ ಬಗ್ಗದವೂ ಇವೆ. ಬ್ರಾಡ್ ಗೇಜ್ ಅಂದರೆ ಎರಡು ಹಳಿಗಳ ಒಳಮೈಗಳ ನಡುವಿನ ದೂರ, 1676 ಮಿ.ಮೀ. ತಾಳಗುಪ್ಪ ಮಾರ್ಗದಲ್ಲಿ ಹಿಂದೆ ಇದ್ದ ಮೀಟರ್ ಗೇಜ್ 1000 ಮಿ.ಮೀ. ನಡುವಿನ ದೂರವೇ ಆದರೆ ವೈಡ್ ಆಗಬೇಕಿತ್ತು. ಆದರೆ ನ್ಯಾರೋಗೆ ಎದುರಾಗಿ ಬ್ರಾಡ್ ನಿಂತುಬಿಟ್ಟಿದೆ, ಅದನ್ನು ಹಾಗೇ ಕಲಿಯಬೇಕು. ವೈಡ್ ರೀಡಿಂಗ್ ಅನ್ನುವುದಕ್ಕೂ ಕನ್ನಡದಲ್ಲಿ ‘ಓದಿನ ಹರವು’ ಎಂದರೇ ಚೆಂದ.

ಇನ್ನು ಅಗಲವೂ ಹರವೂ ಎರಡೂ ಒಗ್ಗದ ಕಡೆ ಬಲವಂತ ಬೇಡ. ಬ್ರಾಡ್ ಡೇಲೈಟ್ ಅಂದರೆ ಹಾಡಹಗಲು. ಬ್ರಾಡ್ಲಿ ಸ್ಪೀಕಿಂಗ್ ಅಂದರೆ ಸ್ಥೂಲವಾಗಿ. ವೈಡ್ ಅವೇಕ್ ಅಂದರೆ ಪೂರ್ತಿ ಎಚ್ಚರ. ಡಿಸ್ಟ್ರಿಕ್ಟ್‌ವೈಡ್ ಅಂದರೆ ಜಿಲ್ಲೆಯಾದ್ಯಂತ, ಇನ್ನೂ ಸರಳವಾಗಿ ಜಿಲ್ಲೆಯಿಡೀ. ತೋಟದ ಕೈಪಿಡಿಯಲ್ಲಿ ವೈಡ್ ಸ್ಪೇಸಿಂಗ್ ಎಂದಿದ್ದರೆ ‘ಅಗಲ ಅಂತರ’ ಎಂದು ಬರೆಯಬೇಡಿ. ‘ದೂರ ದೂರ ನೆಡಿ’ ಎಂದರೆ ಸಾಕು. ಅಡಿಕೆಗೆ 9×9 ಅಡಿ ಹಿಡಿದರೆ ಎಕರೆಗೆ 537 ಸಸಿ ಹಿಡಿಯುತ್ತವೆ, ಅಂತರ ಹೆಚ್ಚಿದಂತೆ ಸಂಖ್ಯೆ ಇಳಿಯುತ್ತದೆ. ಕ್ರಿಕೆಟ್ಟಿನ ವೈಡ್ ಕೂಡ ಅಗಲವಲ್ಲ, ದೂರ. ಬ್ಯಾಟ್ಸ್‌ಮನ್ ನಿಂತಲ್ಲಿಂದ ಎಟುಕದಷ್ಟು ದೂರ ಹೋದ ಚೆಂಡು ಅದು. ಬ್ಯಾಟಿಗೆ ತಾಗಿದರೆ ವೈಡ್ ಇಲ್ಲ. ಅಂಪೈರ್ ಎರಡೂ ತೋಳು ಅಡ್ಡ ಚಾಚಿದರೆ ಒಂದು ರನ್, ಓವರಿನ ಆರು ಚೆಂಡುಗಳಲ್ಲಿ ಅದರ ಎಣಿಕೆಯಿಲ್ಲ, ಆದರೆ ಸ್ಟಂಪ್ ಔಟ್, ರನ್ ಔಟ್ ಆಗಬಹುದು.

ಕಚೇರಿ ಪತ್ರಗಳಲ್ಲಿ ಇನ್ನೊಂದು ‘ವೈಡ್’ ಓಡಾಡುತ್ತದೆ. ಸುತ್ತೋಲೆಯ ಸಂಖ್ಯೆಗೆ ಮೊದಲು ಬರುವ ಆ ಪದ ಲ್ಯಾಟಿನ್ನಿನದು, ‘ನೋಡಿ’ ಎಂದು ಅರ್ಥ. ಇಂಗ್ಲಿಷಿನಲ್ಲಿ ಒಂದಕ್ಕೆ ವಿ, ಇನ್ನೊಂದಕ್ಕೆ ಡಬ್ಲ್ಯೂ. ಕನ್ನಡದಲ್ಲಿ ಎರಡಕ್ಕೂ ಒಂದೇ ವಕಾರ ಇರುವುದರಿಂದ ಕಲಸಿಹೋಗಿದೆ. ಅದನ್ನು ‘ವೈಡಿ’ ಎಂದೋ ‘ವೀಡೆ’ ಎಂದೋ ಓದಬೇಕು. ಕನ್ನಡದಲ್ಲಿ ‘ಉಲ್ಲೇಖ’ ಎಂದು ಬರೆದರೆ ಆ ತೊಡಕೇ ಇಲ್ಲ. ಉಚ್ಚಾರದ್ದೇ ಮಾತು ಬಂತಲ್ಲ, ವೈಡ್‌ನಿಂದ ಬರುವುದು ವಿಡ್ತ್, ವೈಡ್ತ್ ಅಲ್ಲ. ಬ್ರಾಡ್‌ನಿಂದ ಬ್ರೆಡ್ತ್. ಡೀಪ್ ಡೆಪ್ತ್ ಆದ ಹಾಗೆ ಒಳಗಿನ ಸ್ವರ ಬದಲಾಗುತ್ತದೆ.

ಹಣ ಕಳೆಯುವುದು ಅಳತೆಯಲ್ಲಿ. ಫ್ಲೆಕ್ಸ್ ಅಂಗಡಿಯಲ್ಲಿ 10×4 ಎಂದರೆ ಸಾಮಾನ್ಯವಾಗಿ ಅಗಲ ಮೊದಲು, ಎತ್ತರ ಆಮೇಲೆ. ತಿರುಗಿಸಿ ಹೇಳಿದರೆ ಅಡ್ಡ ಬ್ಯಾನರ್ ಕೇಳಿದವರಿಗೆ ನಿಂತ ಬ್ಯಾನರ್ ಬರುತ್ತದೆ. ಮರದ ಮಿಲ್ಲಿನಲ್ಲಿ ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 5 ಇಂಚು ಅಗಲ, 3 ಇಂಚು ದಪ್ಪ, 7 ಅಡಿ ಉದ್ದದ ತುಂಡು ಸುಮಾರು 0.73 ಘನ ಅಡಿ. ಉದ್ದವನ್ನೂ ಇಂಚಿಗೆ ತಿರುಗಿಸಿಕೊಂಡು 144ರಿಂದಲೇ ಭಾಗಿಸಿದರೆ ಲೆಕ್ಕ 12 ಪಟ್ಟು ಏರುತ್ತದೆ, ಆಗ ಭಾಗಿಸಬೇಕಾದದ್ದು 1728ರಿಂದ. ಹಾಗಾಗಿ ಎಲ್ಲೇ ಅಳತೆ ಕೊಟ್ಟರೂ ಬರೀ ಅಂಕಿ ಕೊಡಬೇಡಿ. ‘ಅಗಲ ಹತ್ತಡಿ, ಎತ್ತರ ನಾಲ್ಕಡಿ’ ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಹಾಗೇ ಬರೆಸಿ.