ಆನೆ ಮೆಲ್ಲಗೆ, ಆಮೆ ಜೋರಾಗಿ

ಮೂರು-ನಾಲ್ಕು ವರ್ಷದ ಮಕ್ಕಳ ಕೈಗೆ ಗಿಲಕಿ ಕೊಟ್ಟು "ಮೆಲ್ಲಗೆ ಆಡಿಸಿ" ಅಂತ ಹೇಳಿ ನೋಡಿ. ಕೆಲವರು ಸದ್ದು ತಗ್ಗಿಸುತ್ತಾರೆ, ಕೆಲವರು ವೇಗ ತಗ್ಗಿಸುತ್ತಾರೆ, ಹೆಚ್ಚಿನವರು ಎರಡನ್ನೂ ತಗ್ಗಿಸುತ್ತಾರೆ. "ಜೋರಾಗಿ" ಅಂದರೆ ಸದ್ದೂ ಏರುತ್ತದೆ, ಓಟವೂ ಏರುತ್ತದೆ. ತಪ್ಪು ಮಕ್ಕಳದ್ದಲ್ಲ. ಮೆಲ್ಲಗೆ ಮಾತಾಡು ಅಂದರೆ ಸಣ್ಣ ದನಿಯಲ್ಲಿ, ಮೆಲ್ಲಗೆ ನಡಿ ಅಂದರೆ ನಿಧಾನವಾಗಿ. ಜೋರಾಗಿ ಕೂಗು, ಜೋರಾಗಿ ಓಡು. ಇನ್ನು "ದನಿ ಎತ್ತು" ಅಂದರೆ ಶ್ರುತಿ ಏರಿಸಬೇಕೋ ಕಿರುಚಬೇಕೋ, ದೊಡ್ಡವರಿಗೇ ಅನುಮಾನ. ಸದ್ದಿನ ಪ್ರಮಾಣ, ನಡೆಯ ವೇಗ, ಸ್ವರದ ಎತ್ತರ ಈ ಮೂರೂ ಸಂಗೀತದಲ್ಲಿ ಬೇರೆ ಬೇರೆ. ನಮ್ಮ ದಿನಬಳಕೆಯ ಮಾತಿನಲ್ಲಿ ಮಾತ್ರ ಅವು ಒಂದಕ್ಕೊಂದು ಅಂಟಿಕೊಂಡಿವೆ.

ಬಾಯಲ್ಲಿ ಬಿಡಿಸಿ ಹೇಳಲು ಹೋದರೆ ಮಗು ಆಕಳಿಸುತ್ತದೆ. ಚಿತ್ರ ಅದೇ ಕೆಲಸವನ್ನು ಒಂದು ಪುಟದಲ್ಲಿ ಮುಗಿಸುತ್ತದೆ. ಮಲಗಿದ ಮರಿಗೆ ಎಚ್ಚರವಾಗದ ಹಾಗೆ ತುದಿಗಾಲಲ್ಲಿ ಹೋಗುತ್ತಿರುವ ಆನೆಯನ್ನು ತೋರಿಸಿ. ಆನೆ ನಿಲ್ಲುವಂತಿಲ್ಲ, ತಡವಾಗುವಂತಿಲ್ಲ, ಸದ್ದು ಮಾತ್ರ ಆಗಬಾರದು. ಮಗುವಿಗೆ ತಟ್ಟನೆ ಗೊತ್ತಾಗುತ್ತದೆ.

ಚಿಕ್ಕ ಮಕ್ಕಳ ಸಂಗೀತಪಾಠಕ್ಕೆ ಚಿತ್ರಪುಸ್ತಕದಷ್ಟು ಒದಗುವ ಸಾಮಗ್ರಿ ಬೇರೆ ಇಲ್ಲ ಅಂತ ನಾನು ವಾದಿಸುವುದು ಇದಕ್ಕೇ. "ಸಂಗೀತ ಕಲಿಸುವ ಪುಸ್ತಕ" ಅಂತ ಮುಖಪುಟದಲ್ಲಿ ಬರೆದುಕೊಂಡಿರುವವುಗಳ ಬಗ್ಗೆ ಹೇಳುತ್ತಿಲ್ಲ. ಅವುಗಳಲ್ಲಿ ಬಹಳಷ್ಟು ವಾದ್ಯಗಳ ಹೆಸರಿನ ಪಟ್ಟಿ, ಜೊತೆಗೆ ಗಾಳಿಯಲ್ಲಿ ತೇಲುವ, ಪಾಶ್ಚಾತ್ಯ ಸಂಗೀತದ ಬಣ್ಣಬಣ್ಣದ ಸ್ವರಚಿಹ್ನೆಗಳು. (ಆ ಚಿಹ್ನೆಗಳನ್ನೂ ಸರಿಯಾಗಿ ಬರೆದಿರುವುದಿಲ್ಲ. ಕಡ್ಡಿ ಮೇಲಕ್ಕಿದ್ದರೆ ಗುಂಡಿನ ಬಲಕ್ಕೆ ಅಂಟಿರಬೇಕು, ಕೆಳಕ್ಕಿದ್ದರೆ ಎಡಕ್ಕೆ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದ ಪುಸ್ತಕ ಸಿಕ್ಕರೆ, ಬರೆದವರು ಸ್ವರಲಿಪಿ ನೋಡೇ ಇಲ್ಲ ಅಂತ ಲೆಕ್ಕ.) ಪಾಠಕ್ಕೆ ಬೇಕಾಗಿರುವುದು ಸಾಧಾರಣ ಕತೆಪುಸ್ತಕ, ಒಳಗೆ ಸದ್ದು ಅಡಗಿ ಕೂತಿರುವಂಥದ್ದು.

ಅಂಥ ಪುಸ್ತಕವನ್ನು ಆರಿಸುವುದು ಹೇಗೆ? ಮೊದಲು ಪಲ್ಲವಿ ಹುಡುಕಿ, ಅಂದರೆ ಕತೆಯಲ್ಲಿ ಮತ್ತೆ ಮತ್ತೆ ಬರುವ ಸಾಲು. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟದವು. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು ಎಂಟರ, ಹದಿನಾರರ ಲೆಕ್ಕದಲ್ಲಿ ಬರುತ್ತವೆ. ಶೀರ್ಷಿಕೆ, ಪ್ರಕಾಶನದ ವಿವರ ಕಳೆದರೆ ಕತೆಗೆ 12ರಿಂದ 14 ಜೋಡಿಪುಟ ಉಳಿಯುತ್ತವೆ. ಅಷ್ಟರಲ್ಲಿ ಪಲ್ಲವಿ ಐದಾರು ಸಲ ಬಂದರೆ ಹದ. ಎರಡೇ ಸಲ ಬಂದರೆ ಮಗುವಿನ ಬಾಯಿಗೆ ಹತ್ತುವ ಮೊದಲೇ ಕತೆ ಮುಗಿದಿರುತ್ತದೆ. ಪ್ರತಿ ಪುಟದಲ್ಲೂ ಬಂದರೆ ಕತೆ ಮುಂದೆ ಸರಿಯುವುದಿಲ್ಲ.

ಆಮೇಲೆ ಆ ಸಾಲನ್ನು ತೊಡೆಯ ಮೇಲೆ ತಾಳ ಹಾಕುತ್ತಾ ಓದಿ. ಇಲ್ಲಿ ನಮ್ಮ ಹಳೆಯ ಛಂದಸ್ಸಿನ ಲೆಕ್ಕ ಉಪಯೋಗಕ್ಕೆ ಬರುತ್ತದೆ. "ಟಪ್ ಟಪ್ ಟಪಟಪ, ಯಾರದು ಹೆಜ್ಜೆ?" ಅನ್ನುವ ಸಾಲನ್ನೇ ನೋಡಿ. ಒಂದು ಗುರುವಿಗೆ ಒಂದು ತಟ್ಟು, ಎರಡು ಲಘುವಿಗೆ ಒಂದು ತಟ್ಟು: ಟಪ್ | ಟಪ್ | ಟಪ | ಟಪ | ಯಾ | ರದು | ಹೆಜ್ | ಜೆ. ಒಟ್ಟು ಎಂಟು ತಟ್ಟು, ಕೊನೆಯ "ಜೆ"ಯನ್ನು ಚೂರು ಎಳೆದರೆ ಸಾಕು. "ಟಪ್" ಅನ್ನುವಾಗ ತಟ್ಟಿಗೊಂದು ಸದ್ದು, "ಟಪ" ಅನ್ನುವಾಗ ತಟ್ಟಿಗೆ ಎರಡು. ಒಂದನೇ ಕಾಲ, ಎರಡನೇ ಕಾಲ (ಅಂದರೆ ಅದರ ಎರಡರಷ್ಟು ವೇಗ) ಅಂತ ಹೆಸರು ಹೇಳದೆಯೇ ಮಗುವಿನ ಬಾಯಿಗೆ ಬಂದುಬಿಡುತ್ತದೆ. ಸಾಲನ್ನು ತಾಳಕ್ಕೆ ಹೊಂದಿಸಲು ಎರಡು ಕಡೆ ಎಳೆದು, ಮೂರು ಕಡೆ ತುರುಕಬೇಕಾಗಿ ಬಂದರೆ ಬೇರೆ ಪುಸ್ತಕ ತೆಗೆದುಕೊಳ್ಳಿ. ದಬದಬ, ಗುಡುಗುಡು, ಸರಸರ, ಝುಳುಝುಳು, ಧೊಪ್ಪನೆ ಇಂಥ ಪದ ಇರುವ ಕತೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅನುಕರಣಾವ್ಯಯದ ವಿಷಯದಲ್ಲಿ ಕನ್ನಡ ಶ್ರೀಮಂತ ಭಾಷೆ, ಸಂಗೀತಪಾಠದಲ್ಲಿ ಅದನ್ನು ಬಳಸುವುದು ಮಾತ್ರ ಕಡಿಮೆ.

ಇಂಗ್ಲಿಷಿನಿಂದ ಬಂದ ಪುಸ್ತಕಗಳಲ್ಲಿ ಇನ್ನೊಂದು ತೊಡಕಿದೆ. ಗವಿಯಿಂದ ಕರಡಿ ಹೊರಬರುವ ಒಂದು ಕತೆ ಅಂತ ಇಟ್ಟುಕೊಳ್ಳಿ. ಮೂಲದಲ್ಲಿ ಹೊರಬಂದದ್ದು ಯಾರು ಅನ್ನುವ ಪದ ವಾಕ್ಯದ ಕೊನೆಗಿರುತ್ತದೆ, ಹಾಳೆ ಮಗುಚಿದ ಮೇಲೇ ಕರಡಿ ಕಾಣುತ್ತದೆ. ಅನುವಾದದಲ್ಲಿ "ಕರಡಿ ಗವಿಯಿಂದ ಹೊರಗೆ ಬಂತು" ಅಂತಾದರೆ ಹಾಳೆ ಮಗುಚುವ ಮೊದಲೇ ಗುಟ್ಟು ರಟ್ಟಾಗುತ್ತದೆ. ಓದುವವರು ಸಾಲನ್ನು ತಿರುಗಿಸಿಕೊಳ್ಳಬೇಕು: "ಗವಿಯಿಂದ ಹೊರಗೆ ಬಂದಿದ್ದು..." ಅಂತ ನಿಲ್ಲಿಸಿ, ಹಾಳೆ ಮಗುಚಿ, "ಕರಡಿ!" ಅನ್ನಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ನಡುವಿನ ಮೌನವೇ ಸಂಗೀತದ ವಿರಾಮ. ಹಾಳೆ ಮಗುಚುವಾಗ ಇಡೀ ಗುಂಪು ಉಸಿರು ಬಿಗಿಹಿಡಿದು ಕಾಯುತ್ತದಲ್ಲ, ಆ ಕಾಯುವಿಕೆಯನ್ನು ಎಣಿಕೆಗೆ ತಂದರೆ ಪಾಠ ಆದಂತೆ. ಪಲ್ಲವಿ ಮುಗಿದ ಮೇಲೆ ನಾಲ್ಕು ತಟ್ಟು ಮಾತಿಲ್ಲದೆ ತಾಳ ಹಾಕಿ, ನಾಲ್ಕನೆಯದರಲ್ಲಿ ಹಾಳೆ ಮಗುಚಿ, ಮುಂದಿನ ಮೊದಲ ತಟ್ಟಿಗೆ ಮಾತು ಶುರು ಮಾಡಿ. ಹಾಳೆಯ ಮೂಲೆಯನ್ನು ಮೊದಲೇ ಬೆರಳಲ್ಲಿ ಹಿಡಿದಿಟ್ಟುಕೊಂಡಿರಬೇಕು. ಎರಡು ಹಾಳೆ ಅಂಟಿಕೊಂಡರೆ ತಾಳ ಅಲ್ಲಿಗೇ ಸತ್ತಿತು.

ಹಾಡಿನ ಸಾಲುಗಳಿಗೇ ಚಿತ್ರ ಬರೆದ ಪುಸ್ತಕಗಳಲ್ಲಂತೂ ಈ ನಾಲ್ಕು ತಟ್ಟು ತೀರಾ ಅಗತ್ಯ. ಮಕ್ಕಳು ಇನ್ನೂ ಚಿತ್ರ ನೋಡುತ್ತಿರುವಾಗಲೇ ಹಾಡು ಮುಂದೆ ಓಡಿರುತ್ತದೆ. ಎರಡು ಚರಣಗಳ ನಡುವೆ ನಾಲ್ಕೋ ಎಂಟೋ ಖಾಲಿ ತಟ್ಟು ಸೇರಿಸಿದರೆ ಕಣ್ಣಿಗೂ ಬಿಡುವು, ಗಂಟಲಿಗೂ ಬಿಡುವು.

ಒಂದು ಕೈಯಲ್ಲಿ ಪುಸ್ತಕ ಹಿಡಿದರೆ ತಾಳ ಹಾಕುವ ಕೈ ಎಲ್ಲಿದೆ ಅಂತ ಕೇಳಬಹುದು. ಪುಸ್ತಕವನ್ನು ಸ್ಟ್ಯಾಂಡಿಗೆ ಒರಗಿಸಿಡಿ, ಇಲ್ಲವೇ ತಾಳವನ್ನು ಕಾಲಿಗೆ ಕೊಡಿ. ಎ4 ಅಳತೆಯ ಪುಸ್ತಕ ಎಂಟು-ಹತ್ತು ಮಕ್ಕಳ ಗುಂಪಿಗೆ ಸಾಕು, ಹಿಂದಿನ ಸಾಲು ಎರಡು ಮೀಟರಿಗಿಂತ ದೂರ ಇರದಿರಲಿ. ತಾಳದ ವೇಗ ನಿಮಿಷಕ್ಕೆ 120ರ ಆಸುಪಾಸಿನಲ್ಲಿರಲಿ. ದೊಡ್ಡವರಿಗೆ ಇದು ಅವಸರ ಅನ್ನಿಸುತ್ತದೆ, ಆದರೆ ಚಿಕ್ಕ ಮಕ್ಕಳ ಸಹಜ ನಡೆ ದೊಡ್ಡವರದ್ದಕ್ಕಿಂತ ಚುರುಕು. ನಿಧಾನ ಮಾಡಿದರೆ ಸುಲಭವಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ತಟ್ಟುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಾಯುವುದು ಕಷ್ಟ, ಹಾಗಾಗಿ ಮಗು ಮುಂದೆ ಹಾರಿಬಿಡುತ್ತದೆ.

ಮೊದಲ ದಿನ ಸಂಗೀತ ಬೇಡವೇ ಬೇಡ. ಕತೆ ಓದಿ, ಚಿತ್ರ ನೋಡಲು ಬಿಡಿ, ಅಷ್ಟೆ. ಏನಾಯಿತು ಅಂತ ಗೊತ್ತಿಲ್ಲದ ಕತೆಗೆ ತಾಳ ಹಾಕು ಅಂದರೆ ಮಕ್ಕಳ ಗಮನ ಕತೆಯ ಮೇಲೇ ಇರುತ್ತದೆ, ಇರಬೇಕು ಕೂಡ. ಎರಡನೇ ದಿನ ಪಲ್ಲವಿಗೆ ಮಾತ್ರ ತಾಳ, ಉಳಿದ ಕತೆ ಸಾದಾ ಓದು. ಇಡೀ ಪುಸ್ತಕವನ್ನು ತಾಳಕ್ಕೆ ಕಟ್ಟಿದರೆ ಓದು ಮಗ್ಗಿ ಒಪ್ಪಿಸಿದ ಹಾಗೆ ಆಗುತ್ತದೆ. ಮೂರನೇ ದಿನ ಬಾಯಿ ಮತ್ತು ಮೈಯಿಂದ ಸದ್ದು: ಅಂಗೈ ಉಜ್ಜಿದರೆ ಗಾಳಿ, ಬೆರಳ ತುದಿಯಿಂದ ನೆಲ ಕುಟ್ಟಿದರೆ ಮಳೆ. ವಾದ್ಯ ನಾಲ್ಕನೇ ದಿನಕ್ಕೆ. ಮಾತು ಮತ್ತು ಮೈ ಮೊದಲು, ವಾದ್ಯ ಆಮೇಲೆ ಅನ್ನುವ ಈ ಕ್ರಮ ಜರ್ಮನಿಯ ಸಂಗೀತ ರಚನಕಾರ ಕಾರ್ಲ್ ಆರ್ಫ್ (1895–1982) ರೂಪಿಸಿದ ಪದ್ಧತಿಯಲ್ಲೂ ಇದೆ. ಪ್ರತಿದಿನ 10ರಿಂದ 15 ನಿಮಿಷ ಸಾಕು. ದಿನಕ್ಕೊಂದು ಹೊಸ ಪುಸ್ತಕ ತರುವವರಿಗಿಂತ ಒಂದೇ ಪುಸ್ತಕವನ್ನು ಎರಡು ವಾರ ಉಜ್ಜುವವರ ಮಕ್ಕಳು ಹೆಚ್ಚು ಕಲಿಯುತ್ತಾರೆ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಒಂದು ಪುಸ್ತಕಕ್ಕೆ ಒಂದೇ ಪಾಠ ಇರಲಿ: ವೇಗದ್ದಾದರೆ ವೇಗ, ಸದ್ದಿನದ್ದಾದರೆ ಸದ್ದು.

ಈಗ ಮತ್ತೆ ಆನೆಯ ಹತ್ತಿರ ಬರೋಣ. ಹೆಚ್ಚಿನ ಕತೆಗಳಲ್ಲಿ ಆನೆಯ ಗಾತ್ರ ದೊಡ್ಡದು, ನಡೆ ನಿಧಾನ, ಸದ್ದು ಜೋರು, ದನಿ ದಪ್ಪ. ಇಲಿ ಅದಕ್ಕೆ ಪೂರಾ ಉಲ್ಟಾ. ಇದನ್ನೇ ಹಿಡಿದು ಕಲಿಸಿದರೆ ನಾವು ಬಿಡಿಸಬೇಕಿದ್ದ ಮೂರು ಎಳೆಗಳನ್ನು ಇನ್ನಷ್ಟು ಗಂಟು ಹಾಕಿದಂತಾಗುತ್ತದೆ. ಆದ್ದರಿಂದ ಪುಸ್ತಕ ಮಕ್ಕಳಿಗೆ ಪಳಗಿದ ಮೇಲೆ ಕಾರಣ ಬದಲಾಯಿಸಿ. "ಈಗ ಇದೇ ಆನೆಗೆ ಬಸ್ಸು ತಪ್ಪಿಹೋಗ್ತಾ ಇದೆ" ಅನ್ನಿ, ದಪ್ಪ ಸದ್ದು ಓಡತೊಡಗುತ್ತದೆ. "ಆಮೆಗೆ ಸಿಟ್ಟು ಬಂದಿದೆ, ಒಂದೊಂದೇ ಹೆಜ್ಜೆ, ನೆಲ ನಡುಗಬೇಕು" ಅನ್ನಿ, ನಿಧಾನವಾಗಿದ್ದೂ ಜೋರಾಗಿರಬಹುದು ಅಂತ ಕೈಗೇ ತಿಳಿಯುತ್ತದೆ. ತುದಿಗಾಲಿನ ಆನೆಗೆ ಸದ್ದಿನ ಜೊತೆ ವೇಗವೂ ಇಳಿದರೆ ತಿದ್ದುವ ಮಾತು ಬೇಡ. ಪುಟದ ಮೇಲಿನ ಹೆಜ್ಜೆಗುರುತುಗಳ ಮೇಲೆ ನಿಮ್ಮ ಬೆರಳು ಮೊದಲಿನ ವೇಗದಲ್ಲೇ ನಡೆಯಲಿ, ಮಕ್ಕಳ ಕೈ ತಾನಾಗಿ ಜೊತೆ ಸೇರುತ್ತದೆ.

ಹೀಗೆ ಬೆರಳು ನಡೆಸಲು ಬರುವ ಪುಟವೇ ಮಗುವಿನ ಮೊದಲ ಸ್ವರಲಿಪಿ. ಪುಸ್ತಕದಲ್ಲಿ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ನೀವೇ ಬರೆಯಿರಿ: ಸಾಲಿಗೆ ನಾಲ್ಕು ಮಳೆಹನಿ, ಎರಡು ಸಾಲು. ಅಂತರ ಅಳೆದು ಸಮವಾಗಿಡಿ. ಹನಿಗಳು ಒಂದೆಡೆ ಒತ್ತೊತ್ತಾಗಿ, ಇನ್ನೊಂದೆಡೆ ದೂರದೂರ ಇದ್ದರೆ ಮಗು ಅದನ್ನೇ ನುಡಿಸುತ್ತದೆ, ಒತ್ತಾಗಿರುವ ಕಡೆ ಓಡುತ್ತದೆ. ಮಗು ನೋಡಿದ್ದನ್ನೇ ನುಡಿಸಿದೆ, ಬರೆದ ಕೈ ತಪ್ಪಿದೆ. ವಿರಾಮಕ್ಕೆ ಜಾಗ ಖಾಲಿ ಬಿಡುವುದು ಇನ್ನೊಂದು ತಪ್ಪು. ಖಾಲಿ ಜಾಗವನ್ನು ಮಕ್ಕಳು ಹಾರಿಹೋಗುತ್ತಾರೆ. ಅಲ್ಲಿ ಮಲಗಿದ ಬೆಕ್ಕನ್ನು ಬರೆಯಿರಿ, ಆ ತಟ್ಟಿಗೆ ತುಟಿಯ ಮೇಲೆ ಬೆರಳಿಡುವುದು ನಿಯಮ. ಸುಮ್ಮನಿರುವುದಕ್ಕೂ ಒಂದು ಚಿತ್ರ, ಒಂದು ಕ್ರಿಯೆ ಇದ್ದರೆ ಮಾತ್ರ ಅದು ಒಂದು ತಟ್ಟಿನಷ್ಟು ಹೊತ್ತು ನಿಲ್ಲುತ್ತದೆ.

ಸ್ವರದ ಎತ್ತರ ಕಲಿಸುವುದು ಇವೆಲ್ಲಕ್ಕಿಂತ ನಾಜೂಕು. ಮೇಲೆ, ಕೆಳಗೆ ಅನ್ನುವುದು ಕೇವಲ ರೂಢಿಯ ಮಾತು, ಸ್ವರ ಎಲ್ಲಿಗೂ ಹತ್ತುವುದಿಲ್ಲ. ದಪ್ಪ ದನಿ, ತೆಳು ದನಿ ಅಂದರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಫಾರ್ಸಿ ಮತ್ತು ಟರ್ಕಿಶ್ ಮಾತಾಡುವವರೂ ಸ್ವರವನ್ನು ದಪ್ಪ-ತೆಳು ಅಂತಲೇ ಹೇಳುತ್ತಾರೆ. ಅಲ್ಲಿಂದ ಶುರುಮಾಡಿ, ಮರದ ತುದಿಯ ಹಕ್ಕಿ ತೆಳು ದನಿ, ಬುಡದ ಕಪ್ಪೆ ದಪ್ಪ ದನಿ ಅಂತ ಒಂದೇ ಪುಟದಲ್ಲಿ ತೋರಿಸಿದರೆ "ಮೇಲೆ" ಅನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. ಪಲ್ಲವಿಗೆ ರಾಗ ಕಟ್ಟುವುದಾದರೆ ಎರಡೇ ಸ್ವರ ಸಾಕು: ಪ, ಗ (ಅಂತರ ಗಾಂಧಾರ, ಅಂದರೆ ಎರಡು ಬಗೆಯ ಗಾಂಧಾರಗಳಲ್ಲಿ ಮೇಲಿನದು). ಹಂಗೇರಿಯ ಸಂಗೀತ ರಚನಕಾರ ಜೋಲ್ತಾನ್ ಕೊದಾಯ್ (1882–1967) ಅವರ ಪದ್ಧತಿಯಲ್ಲೂ ಪಾಠ ಶುರುವಾಗುವುದು ಹೀಗೆ ಇಳಿಯುವ ಈ ಎರಡು ಸ್ವರಗಳಿಂದಲೇ. ಎಡವುವುದು ಶ್ರುತಿಯಲ್ಲಿ. ಓದುವ ದನಿ ತಗ್ಗಿನದು, ಅದೇ ತಗ್ಗಿನಲ್ಲಿ ಹಾಡು ಶುರು ಮಾಡುತ್ತೇವೆ. ಮಕ್ಕಳ ಗಂಟಲಿಗೆ ಆರಾಮಾದ ಜಾಗ ಕೀಬೋರ್ಡಿನ ನಡುವಿನ 'ಸಿ' ಪಕ್ಕದ 'ಡಿ'ಯಿಂದ ಮೇಲಿನ 'ಎ'ವರೆಗಿನ ಐದು ಬಿಳಿ ಮನೆಗಳು. ಅದಕ್ಕಿಂತ ಕೆಳಗೆ ಹೋದರೆ ಮಕ್ಕಳು ಹಾಡುವುದನ್ನು ಬಿಟ್ಟು ಗೊಣಗುತ್ತಾರೆ.

ವಾದ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕತೆಗೆ ಮೂರು ಬಗೆ ಸಾಕು: ಅಲ್ಲಾಡಿಸುವುದು, ಬಡಿಯುವುದು, ಉಜ್ಜುವುದು. ಗಿಲಕಿ ಮಾಡುವುದಾದರೆ ಸಣ್ಣ ಬಾಟಲಿಗೆ ಒಣ ಕಾಳು ಕಾಲು ಭಾಗ ಮಾತ್ರ ತುಂಬಿ. ಪೂರಾ ತುಂಬಿದರೆ ಕಾಳಿಗೆ ಅಲ್ಲಾಡಲು ಜಾಗವಿಲ್ಲ, ಸದ್ದೇ ಬರದು. ಮುಚ್ಚಳಕ್ಕೆ ಅಂಟು ಹಾಕಿ ಮೇಲೆ ಟೇಪು ಸುತ್ತಲೇಬೇಕು, ಕಾಳು ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ. ಪಟ್ಟಿ ತೆಗೆಯಬಹುದಾದ ಜೈಲೋಫೋನ್ (ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ಇದ್ದರೆ ಮ ಮತ್ತು ನಿ ಪಟ್ಟಿಗಳನ್ನು ತೆಗೆದುಬಿಡಿ. ಉಳಿದ ಸ ರಿ ಗ ಪ ದ ಮೋಹನ ರಾಗದ ಸ್ವರಗಳು, ಪಕ್ಕಪಕ್ಕದಲ್ಲಿ ಅರ್ಧ ಸ್ವರದ ಅಂತರ ಎಲ್ಲೂ ಇಲ್ಲದ್ದರಿಂದ ಐದು ಮಕ್ಕಳು ಐದು ಕಡೆ ಬಡಿದರೂ ಕಿವಿಗೆ ಚುಚ್ಚುವುದಿಲ್ಲ. ವಾದ್ಯ ಹಂಚುವ ಮೊದಲೇ ನಿಲ್ಲಿಸುವ ಗುರುತು ಹೇಳಿಕೊಡಿ: ಪುಸ್ತಕ ಮುಚ್ಚಿದರೆ ಎಲ್ಲ ಸದ್ದೂ ಬಂದ್.

ಗುಂಡಿ ಒತ್ತಿದರೆ ಸದ್ದು ಬರುವ ಪುಸ್ತಕಗಳು ನನಗೆ ಒಗ್ಗುವುದಿಲ್ಲ. ಬೆರಳಗಲದ ಸ್ಪೀಕರಿನಿಂದ ತಗ್ಗಿನ ಸ್ವರ ಹೊರಡುವುದೇ ಇಲ್ಲ, ಹಾಗಾಗಿ ಅದರ ಆನೆಯೂ ಕೀರಲು, ನಗಾರಿಯೂ ಕೀರಲು. ಮಗು ನಡುವೆ ಮತ್ತೆ ಒತ್ತಿದರೆ ಸದ್ದು ಮೊದಲಿನಿಂದ ಶುರುವಾಗುವ ಪುಸ್ತಕಗಳಲ್ಲಂತೂ ತಾಳ ಅನ್ನುವುದೇ ಹುಟ್ಟುವುದಿಲ್ಲ. ಮನೆಯಲ್ಲಿ ಅಂಥದ್ದು ಇದ್ದರೆ ಬ್ಯಾಟರಿ ಮುಚ್ಚಳದ ಸ್ಕ್ರೂ ಬಿಗಿಯಾಗಿದೆಯಾ ಅಂತ ಇವತ್ತೇ ನೋಡಿ. ನಾಣ್ಯದಂಥ ಆ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಕೊನೆಯ ದಿನ ಅಕ್ಷರಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ, ಚಿತ್ರ ಮಾತ್ರ ಉಳಿಯಲಿ. ಹಾಳೆ ಮಗುಚುವ ಕೆಲಸವನ್ನು ಒಂದು ಮಗುವಿಗೆ ಕೊಡಿ, ಉಳಿದವರು ನುಡಿಸಲಿ. ಮೊದಲ ಸಲ ಅದು ಹಾಳೆಗಳನ್ನು ಪಟಪಟನೆ ಮಗುಚುತ್ತದೆ, ಗುಂಪಿನ ತಾಳ ಚೆಲ್ಲಾಪಿಲ್ಲಿಯಾಗುತ್ತದೆ. ಬಾಯಿ ಹಾಕಬೇಡಿ. ಎರಡನೇ ಮಗುವೋ ಮೂರನೆಯದೋ ಪಲ್ಲವಿ ಮುಗಿಯುವವರೆಗೆ ಹಾಳೆಯ ಮೂಲೆ ಹಿಡಿದು ಕಾಯುತ್ತದೆ, ಮುಂದಿನ ಪುಟದಲ್ಲಿ ತುದಿಗಾಲಿನ ಆನೆ ಇದೆ ಅಂತ ಗೊತ್ತಿದ್ದು ಹಾಳೆಯನ್ನೂ ಸದ್ದಾಗದಂತೆ ಮಗುಚುತ್ತದೆ. ಆಗ ಆ ಪುಸ್ತಕವನ್ನು ಕಪಾಟಿಗೆ ಸೇರಿಸಿ, ಬೇರೆಯದನ್ನು ತೆಗೆಯಬಹುದು.