ಸೆಡಮ್‌ಗೆ ಕೊಡೆ ಭಾಗ್ಯ

ಮಳೆಗಾಲದ ಕೊಡಗಿನಲ್ಲಿ ಇಬ್ಬರು ಎದುರಾದರೆ ಮೊದಲ ಪ್ರಶ್ನೆ ‘ಊಟ ಆಯ್ತಾ?’ ಅಲ್ಲ. ‘ನಿಮ್ಮಲ್ಲಿ ಎಷ್ಟಾಯ್ತು?’ ಅಂತ. ಮಳೆಯ ಲೆಕ್ಕ ಅದು, ಉತ್ತರ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಬರುತ್ತದೆ. ‘ರಾತ್ರಿ ಮೂರು ಇಂಚು ನಲವತ್ತು ಸೆಂಟ್.’ ಆ ನಲವತ್ತು ಸೆಂಟ್ ಎಷ್ಟೋ ಸಲ ಮಾತಿನ ಭರದಲ್ಲಿ ಸೇರಿಕೊಂಡದ್ದು. ಮಳೆಯಲ್ಲೂ ಪಕ್ಕದ ತೋಟದವರಿಗಿಂತ ಹಿಂದೆ ಬೀಳಬಾರದಲ್ಲ! ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಭಾಗಮಂಡಲಕ್ಕೆ ಇನ್ನೂ ಜಾಸ್ತಿ. ಇಂಥ ಜಿಲ್ಲೆಯ ಒಂದು ಊರಿನ ವೃತ್ತದಲ್ಲಿ ಬರಗಾಲ ಎದುರಿಸುವ ಉದ್ಯಾನ ತಲೆ ಎತ್ತಿದೆ. ಊರಿನ ಹೆಸರು ಬೇಡ. ಹೇಳಿದರೆ ಬೇರೆ ಊರಿನವರು ನಮಗೂ ಬೇಕು ಅಂತ ಅರ್ಜಿ ಹಿಡಿದು ಹೊರಡುತ್ತಾರೆ.

ಉದ್ಯಾನದ ಹೀರೋ ಸೆಡಮ್. ದಪ್ಪ ದಪ್ಪ ಎಲೆಯ, ನೆಲಕ್ಕೆ ಅಂಟಿ ಹರಡುವ ಗಿಡ. ನರ್ಸರಿಯವರು ಇಂಥ ಗಿಡಗಳನ್ನೆಲ್ಲ ಸೇರಿಸಿ ‘ಸಕ್ಯುಲೆಂಟ್’ ಅಂದುಬಿಡುತ್ತಾರೆ. ಇದರ ನೂರಾರು ಜಾತಿಗಳಲ್ಲಿ ಬಹಳಷ್ಟು ಬಂಡೆಯ ಸಂದಿನಲ್ಲಿ, ಕಲ್ಲುಪುಡಿಯ ಮೇಲೆ ಬದುಕುವಂಥವು. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಉಸಿರಾಡುತ್ತವೆ, ಇರುವ ನೀರು ಆವಿಯಾಗದಿರಲಿ ಅಂತ. ಅಷ್ಟು ಜಿಪುಣ ಗಿಡ. ಅದನ್ನು ತಂದು ರಾತ್ರಿ ಹಗಲು ನೀರು ಸುರಿಯುವ ಊರಿನ ನಡುವೆ ಕೂರಿಸಿದ್ದಾರೆ.

ನೆಟ್ಟ ದಿನ ಜೂನ್ 5. ವಿಶ್ವ ಪರಿಸರ ದಿನ ಅಲ್ವಾ, ಬೇರೆ ದಿನ ನೆಟ್ಟರೆ ಫೋಟೋಗೆ ಬೆಲೆ ಇಲ್ಲ. ಮುಂಗಾರು ಬಂದು ಕದ ತಟ್ಟುವುದೂ ಅದೇ ವಾರ. ಗಣ್ಯರು ಕೊಡೆ ಹಿಡಿದುಕೊಂಡೇ ಗಿಡ ನೆಟ್ಟರು. ಭಾಷಣದಲ್ಲಿ ಅಮೆರಿಕದ ಡಿಯರ್‌ಬಾರ್ನ್ ಊರಿನ ಫೋರ್ಡ್ ಕಾರ್ಖಾನೆಯ ಮಾತು ಬಂತು. ಅಲ್ಲಿ ಹತ್ತು ಎಕರೆ ಚಾವಣಿಯ ಮೇಲೆ ಸೆಡಮ್ ಹಾಸಿದ್ದಾರಂತೆ, ನಾವು ಯಾಕೆ ಮಾಡಬಾರದು? ಮಾತು ನಿಜವೇ, ಹಾಸಿದ್ದಾರೆ. ಅಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಮಡಿಕೇರಿಯಲ್ಲಿ ಜುಲೈ ಒಂದರಲ್ಲೇ ಬಿದ್ದುಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ. ಬೀಳುತ್ತಿದ್ದ ಮಳೆಯ ಸದ್ದಿಗೆ ಎತ್ತಿದ್ದರೂ ಕೇಳಿಸುತ್ತಿರಲಿಲ್ಲ.

ಇನ್ನು ಗಿಡಗಳನ್ನು ಕೂರಿಸಿದ ರೀತಿ. ಒಂದು ಕಡೆ ಹೈಡ್ರೇಂಜ. ಇನ್ನೊಂದು ಕಡೆ ಆಂಥೂರಿಯಂ. ಹಿಂದೆ ಜರೀಗಿಡ. ನಡುವೆ ಸೆಡಮ್. ಮೂವರಿಗೂ ನೆರಳು, ತೇವ, ಗೊಬ್ಬರದ ಮಣ್ಣು ಬೇಕು. ಸೆಡಮ್‌ಗೆ ಬಿಸಿಲು, ಮರಳು, ಹಸಿವು ಬೇಕು. ಸಮ್ಮಿಶ್ರ ಸರ್ಕಾರದಲ್ಲೂ ಇಷ್ಟು ಹೊಂದಾಣಿಕೆ ಯಾರೂ ಕೇಳುವುದಿಲ್ಲ. ಬುಡಕ್ಕೆ ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ಬೇರೆ. ಕೊಡಗಿನಲ್ಲಿ ಯಾವ ಗಿಡ ಕಂಡರೂ ಕಾಫಿ ಗಿಡ ಅಂದುಕೊಂಡು ಗೊಬ್ಬರ ಹಾಕುವ ಕೈ ನಮ್ಮದು. ಸೆಡಮ್ ಅದನ್ನು ತಿಂದು ಉದ್ದುದ್ದ ಬೆಳೆದು, ನಿಲ್ಲಲಾಗದೆ ಮಗುಚುತ್ತದೆ. ಕುಂಡಗಳು ಸಿಮೆಂಟಿನವು, ಗಟ್ಟಿಮುಟ್ಟು. ತಳದಲ್ಲಿ ತೂತು ಇಲ್ಲ. ಎಸ್ಟಿಮೇಟಿನಲ್ಲಿ ತೂತು ಬರೆದಿರಲಿಲ್ಲವಂತೆ.

ಜುಲೈ ಮಧ್ಯದಲ್ಲಿ ಹೋಗಿ ನೋಡಿ. ಎಲೆ ಗಾಜಿನ ಹಾಗೆ ಪಾರದರ್ಶಕ. ಬೆರಳು ತಾಗಿಸಿದರೆ ಸಾಕು, ಉದುರುತ್ತದೆ. ಬುಡದ ಹತ್ತಿರ ಕಾಂಡ ಕಪ್ಪಾಗಿ, ಎಳೆದರೆ ಬೇರು ಬಿಟ್ಟು ಮೇಲಿನದ್ದು ಮಾತ್ರ ಕೈಗೆ ಬರುತ್ತದೆ. ಉಳಿದದ್ದಕ್ಕೆ ಬಸವನಹುಳು. ‘ನೀರು ಉಳಿಸಿ, ನಾಡು ಉಳಿಸಿ’ ಅನ್ನುವ ಬೋರ್ಡಿನ ಮೇಲೆ ಮಾತ್ರ ಪಾಚಿ ಸೊಂಪಾಗಿ ಬೆಳೆದಿದೆ. ಆ ಉದ್ಯಾನದಲ್ಲಿ ಜಾಗ ನೋಡಿ ಬೆಳೆದದ್ದು ಅದೊಂದೇ.

ಗಿಡ ಕೊಳೆಯುತ್ತಿದೆ ಅಂತ ದೂರು ಹೋಯಿತು. ತಕ್ಷಣ ಕ್ರಮ. ಸಾಲು ಸಾಲು ಕಂಬ ನೆಟ್ಟು, ಮೇಲೆ ಪಾರದರ್ಶಕ ಶೀಟ್ ಹೊದಿಸಿ ಸೆಡಮ್‌ಗೆ ಕೊಡೆ ಕಟ್ಟಿಸಿದರು. ಎದುರಿನ ಬಸ್ ತಂಗುದಾಣದ ಸೂರು ಸೋರಿ, ಶಾಲೆ ಮಕ್ಕಳು ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ಕೆಲವರು ರಸ್ತೆ ದಾಟಿ ಸೆಡಮ್ ಪಕ್ಕ ಬಂದು ನಿಂತರು. ಕಾವಲುಗಾರ ಓಡಿಸಿದ. ಗಿಡಕ್ಕೆ ಬೀಳುವ ಬೆಳಕಿಗೆ ಅಡ್ಡ ಆಗುತ್ತದಂತೆ.

ಇದರಲ್ಲಿ ಒಂದು ಅರ್ಧ ಸತ್ಯ ಇದೆ, ಅದನ್ನೂ ಹೇಳಬೇಕು. ಮಾರ್ಚ್, ಏಪ್ರಿಲಿನಲ್ಲಿ ಇದೇ ಕೊಡಗಿನಲ್ಲಿ ಬಾವಿ ತಳ ಕಾಣುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಚ್ಚಬೇಕು. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಗುಡ್ಡದ ಮೇಲಿನ ಬೀದಿಯವರು ಬಿಂದಿಗೆ ಹಿಡಿದು ಕಾಯುತ್ತಾರೆ. ಆ ತಿಂಗಳುಗಳಲ್ಲಿ ನೀರು ಕೇಳದ ಗಿಡ ಒಳ್ಳೆಯದೇ. ಆದರೆ ಆಗ ಏನು ಮಾಡುತ್ತಾರೆ ಗೊತ್ತಾ? ದಿನಾ ಬೆಳಿಗ್ಗೆ ಟ್ಯಾಂಕರ್ ಬಂದು ಸೆಡಮ್‌ಗೆ ನೀರು ಬಿಡುತ್ತದೆ. ಟೆಂಡರಿನಲ್ಲಿ ‘ನಿರ್ವಹಣೆ’ ಅಂತ ಇದೆಯಲ್ಲ, ಹಾಕದಿದ್ದರೆ ಬಿಲ್ ಹೇಗೆ? ಬಿಂದಿಗೆಯವರು ಇನ್ನೂ ಕಾಯುತ್ತಿರುತ್ತಾರೆ. ಅವರ ಹೆಸರು ಟೆಂಡರಿನಲ್ಲಿ ಇಲ್ಲ.

ಹೋಂಸ್ಟೇಗಳು ಸುಮ್ನೆ ಇರುತ್ತವೆಯೇ? ಅಂಗಳದಲ್ಲಿದ್ದ ಡೇರೆ ಹೂವಿನ ಗಿಡ, ಬಿಗೋನಿಯ, ಮರಕ್ಕೆ ಕಟ್ಟಿದ ಸೀತಾಳೆ ಆರ್ಕಿಡ್ ಎಲ್ಲ ಹಿತ್ತಲಿಗೆ ಹೋದವು. ಮುಂದೆ ಬಿಳಿ ಜಲ್ಲಿ, ಅದರ ಮೇಲೆ ಸೆಡಮ್. ಅತಿಥಿಗಳು ಕಾಡು ನೋಡಲು ದೂರದಿಂದ ಬರುತ್ತಾರೆ, ಬಂದವರು ತಮ್ಮ ಆಫೀಸಿನ ಮೇಜಿನ ಮೇಲಿದ್ದ ಗಿಡವನ್ನೇ ನೋಡಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಸೆಡಮ್ ಮೇಲೆ ನನಗೇನೂ ಕೋಪ ಇಲ್ಲ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅದು ಎಷ್ಟೋ ವರ್ಷದಿಂದ ಚೆನ್ನಾಗಿದೆ. ಕಾಫಿ ಕಣದ ಪಕ್ಕದ ಕಲ್ಲುಗೋಡೆಯ ಮೇಲೆ, ತೆಂಕಣ ಬಿಸಿಲು ಬೀಳುವಲ್ಲಿ, ಹಂಚಿನ ಸೂರಿನ ಒಳಗಡೆಗೆ. ಮಣ್ಣು ಒಂದು ಪಾಲು, ದಪ್ಪ ಮರಳು ಮತ್ತು ಹಂಚಿನ ಚೂರು ಎರಡು ಪಾಲು. ಪಕ್ಕದಲ್ಲಿ ಅದೇ ಸಸ್ಯ ಕುಟುಂಬದ ಕಾಡುಬಸಳೆ, ಒಂದು ಲೋಳೆಸರ. ಹೊಸ ಗಿಡ ಬೇಕೆಂದರೆ ಕಡ್ಡಿ ಮುರಿದು, ಗಾಯ ಒಣಗುವ ತನಕ ನೆರಳಲ್ಲಿಟ್ಟು, ಆಮೇಲೆ ಚುಚ್ಚುತ್ತಾರೆ. ನೀರು ಆಮೇಲೆ, ಅದೂ ಚೂರು. ಜೂನ್ ಬಂತೆಂದರೆ ಕತ್ತೆಬಾಲ ಅನ್ನುವ ಇಳಿಬೀಳುವ ಸೆಡಮ್‌ನ ತೂಗುಕುಂಡವನ್ನು ಜಗಲಿಯ ಒಳಗೆ ತರುತ್ತಾರೆ. ನೆಲದಲ್ಲೇ ಹರಡಬೇಕು ಅನ್ನುವವರಿಗೆ ಕುಶಾಲನಗರದ ಕಡೆ ಹೋಗಲು ಹೇಳುತ್ತಾರೆ, ಅಲ್ಲಿ ಮಳೆ ಎಷ್ಟೋ ಕಮ್ಮಿ. ಉದ್ಯಾನದ ಸಮಿತಿಯವರಿಗೆ ಇದನ್ನೆಲ್ಲ ಹೇಳಬಾರದಾ ಅಂತ ನಾನೊಮ್ಮೆ ಕೇಳಿದೆ.

‘ಹೇಳಿದೆ ಮಗಾ. ನಿಮ್ಮದು ಯಾವ ಕನ್ಸಲ್ಟೆನ್ಸಿ ಅಂತ ಕೇಳಿದರು.’

ಮೊನ್ನೆ ಪರಿಶೀಲನಾ ಸಭೆ ನಡೆಯಿತು. ಕೊಡೆ ಹಾಕಿದ ಮೇಲೆ ಸೆಡಮ್‌ಗೆ ಮಳೆ ನೀರು ಸಿಗುತ್ತಿಲ್ಲ, ಹೀಗೇ ಬಿಟ್ಟರೆ ಒಣಗಬಹುದು ಅಂತ ಆತಂಕ ವ್ಯಕ್ತವಾಯಿತು. ಕೊಡೆಯ ಮೇಲೆ ಬಿದ್ದ ನೀರನ್ನು ಪೈಪಿನಲ್ಲಿ ಹಿಡಿದು, ಟ್ಯಾಂಕಿಗೆ ತುಂಬಿ, ಪಂಪ್ ಇಟ್ಟು, ಹನಿ ನೀರಾವರಿ ಮೂಲಕ ಸೆಡಮ್ ಬುಡಕ್ಕೆ ಬಿಡಲು ಒಮ್ಮತದ ತೀರ್ಮಾನ ಆಗಿದೆ. ಕೊಡೆ ತೆಗೆದರೆ ಸಾಕಲ್ವಾ ಅಂದ ಸದಸ್ಯರೊಬ್ಬರ ಮಾತನ್ನು ಕಡತದಿಂದ ತೆಗೆಯಲಾಯಿತು.